ಮೂರು ಬಾಚಣಿಗೆ, ಎರಡು ಬೆರಳು ಉದ್ದದ ಹಲಗೆ

ಹಲಗೆ ಮುರಿದಾಗ ಅಂಗಡಿಯಲ್ಲಿದ್ದದ್ದು ಮೂರೇ ಜೀವ. ಹಲಗೆಯ ಮೇಲೆ ಪೊರಕೆ ಹಿಡಿದು ನಿಂತಿದ್ದ ಕತ್ತರಿಯಕ್ಕ, ಪಕ್ಕದ ಕುರ್ಚಿಯಲ್ಲಿ ಅರ್ಧ ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದ ಮೇಷ್ಟ್ರು, ಮತ್ತು ಕನ್ನಡಿಯ ಹಿಂದಿನಿಂದ ಇಣುಕುತ್ತಿದ್ದ ಒಂದು ಹಲ್ಲಿ. ಇಷ್ಟಕ್ಕೆಲ್ಲ ಮೂಲ ಆ ಹಲ್ಲಿಯೇ. ಎರಡು ದಿನದಿಂದ ಅದು ಪೌಡರ್ ಡಬ್ಬಿಯ ಮೇಲೆ ಬಿದ್ದು ಗಿರಾಕಿಗಳನ್ನು ಹೆದರಿಸುತ್ತಿತ್ತು. ಇವತ್ತು ಅದೋ ನಾನೋ ಎಂದು ಅವಳು ಕುರ್ಚಿಯ ಎರಡು ಕೈಗಳ ಮೇಲೆ ಹಲಗೆಯನ್ನು ಅಡ್ಡ ಇಟ್ಟು ಹತ್ತಿದ್ದಳು. ಪೊರಕೆ ಎತ್ತಿದಳು. ಫಟ್ ಎಂದಿತು. ಮುಂದಿನ ಕ್ಷಣ ಅವಳು ಕುರ್ಚಿಯ ಮೆತ್ತೆಯ ಮೇಲೆ ಕಾಲು ಮಡಚಿಕೊಂಡು, ಕನ್ನಡಿಗೆ ಮುಖ ಮಾಡಿ, ಥೇಟ್ ಗಿರಾಕಿಯ ಹಾಗೆ ಕೂತಿದ್ದಳು.

“ಏನಮ್ಮ, ಕಟಿಂಗೋ ಶೇವಿಂಗೋ?” ಎಂದರು ಮೇಷ್ಟ್ರು ನೊರೆಯೊಳಗಿಂದ.

ಬೇರೆ ದಿನವಾಗಿದ್ದರೆ ಇದಕ್ಕೆ ಅವಳ ಹತ್ತಿರ ನಾಲ್ಕು ಉತ್ತರಗಳಿರುತ್ತಿದ್ದವು. ಕೈಯಲ್ಲಿರುವ ಕತ್ತರಿಗಿಂತ ಬಾಯಲ್ಲಿರುವುದು ಹರಿತ ಎಂದೇ ಬೀದಿಯವರು ಅವಳಿಗೆ ಆ ಹೆಸರು ಇಟ್ಟಿದ್ದರು. ಆದರೆ ಈಗ ಅವಳ ಕಣ್ಣು ಹಲಗೆಯ ಮೇಲಿತ್ತು. ಎರಡು ತುಂಡುಗಳನ್ನು ಎತ್ತಿ, ಮುರಿದಲ್ಲಿ ಜೋಡಿಸಿ, ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಳು. ಒತ್ತಿ ಹಿಡಿದರೆ ಕೂಡಿಕೊಂಡೀತು ಎನ್ನುವ ಹಾಗೆ.

ಅದು ಅಪ್ಪನ ಹಲಗೆ. ಅಂಗಡಿ ಇಟ್ಟ ವರ್ಷ ಅವನೇ ಎಲ್ಲಿಂದಲೋ ತಂದು, ತಾನೇ ಕೊಯ್ದು ಮಾಡಿಕೊಂಡದ್ದು. ಕುರ್ಚಿಯಲ್ಲಿ ಕೂತರೆ ತಲೆ ಕನ್ನಡಿಗೆ ಕಾಣದ ಮಕ್ಕಳನ್ನೆಲ್ಲ ಈ ಹಲಗೆಯ ಮೇಲೆ ಕೂರಿಸಿಯೇ ಕ್ಷೌರ ಮಾಡಬೇಕು. ಮೇಷ್ಟ್ರೇ ಒಂದು ಕಾಲಕ್ಕೆ ಅದರ ಮೇಲೆ ಕೂತು ಅತ್ತವರು. ಆರು ವರ್ಷದ ಹಿಂದೆ ಅಪ್ಪನ ಕಣ್ಣು ಮಂಜಾದಾಗ, “ಒಂದು ಕಿವಿ ಇರೋ ಕಡೆ ಎರಡು ಕಾಣ್ತಾವೆ, ಯಾವುದನ್ನ ಉಳಿಸಲಿ?” ಎಂದು ನಗುತ್ತಾ ಅವನು ಕತ್ತಿ ಮಡಚಿ ಮಗಳ ಕೈಗೆ ಕೊಟ್ಟುಬಿಟ್ಟ. ಆಮೇಲೆ ಅಂಗಡಿಯಲ್ಲಿ ಅವನಿಗೆ ಉಳಿದದ್ದು ಒಂದೇ ಕೆಲಸ. ಮಗು ಬಂದ ಕೂಡಲೇ ಮೂಲೆಯಿಂದ ಹಲಗೆ ತಂದು ಕುರ್ಚಿಗೆ ಅಡ್ಡ ಹಾಕುತ್ತಿದ್ದ. ಬೆರಳ ಗೆಣ್ಣಿನಿಂದ ಎರಡು ಸಲ ಟಕ್ ಟಕ್ ಎಂದು ಕುಟ್ಟಿ, “ಸಿಂಹಾಸನ ತಯಾರು! ಮಹಾರಾಜರು ಎಲ್ಲಿ?” ಎಂದು ಕೂಗುತ್ತಿದ್ದ. ಮಗುವನ್ನು ಎತ್ತಿ ಕೂರಿಸಿ, ತಲೆಯನ್ನು ಎರಡು ಅಂಗೈಗಳಲ್ಲಿ ಹಿಡಿದು, ಕ್ಷೌರದಂಗಡಿ ತೆರೆದ ಕಾಗೆಯ ಕಥೆ ಶುರು ಮಾಡುತ್ತಿದ್ದ. ಕಾಗೆಯ ಅಂಗಡಿಗೆ ಕರಡಿ ಬರುವ ಹೊತ್ತಿಗೆ ಕತ್ತರಿಯಕ್ಕ ಹಿಂದಿನ ಕೂದಲು ಮುಗಿಸಿರುತ್ತಿದ್ದಳು. ಆ ಕೆಲಸಕ್ಕೆ ಕಣ್ಣು ಬೇಕಿರಲಿಲ್ಲ. ಹಲಗೆ ಮಾತ್ರ ಬೇಕಿತ್ತು.

ಈಗ ಅಪ್ಪ ಇನ್ನೊಂದು ಊರಿನಲ್ಲಿ, ದೊಡ್ಡಕ್ಕನ ಮನೆಯಲ್ಲಿದ್ದ. ಅಲ್ಲಿ ಅವನಿಗೆ ಕಣ್ಣಿನ ಆಪರೇಷನ್. ಮೂರು ವಾರ ಬಿಟ್ಟು ಬರುವವನು. ಹೊರಡುವ ದಿನ ಎಂಬತ್ತು ವರ್ಷದ ಆ ಮನುಷ್ಯ ಮಗಳಿಗೆ ಹೇಳಿದ್ದು ಒಂದೇ ಮಾತು: “ಹಲಗೆ ಜೋಪಾನ.”

“ಅಪ್ಪ ಬರೋ ಹೊತ್ತಿಗೆ ಈ ಮೂಲೆ ಖಾಲಿ ಇದ್ರೆ, ಅವನು ಬಾಗಿಲಲ್ಲೇ ನಿಂತು, ‘ನಂಗಿನ್ನೇನು ಕೆಲಸ ಇಲ್ಲಿ’ ಅಂತ ವಾಪಸ್ ಹೋಗ್ತಾನೆ,” ಎಂದಳು ಅವಳು ಮೇಷ್ಟ್ರಿಗೆ.

“ಹೊಸದು ಸಿಗುತ್ತಲ್ಲ, ಪ್ಲಾಸ್ಟಿಕ್ಕಿಂದು. ಆನೆ ಚಿತ್ರ ಇರುತ್ತೆ.”

“ಆನೆ ಇಟ್ಕೊಂಡು ನಾನೇನು ಸರ್ಕಸ್ ಮಾಡ್ಲಾ?” ಎಂದಳು. ಬಾಯಿ ಮರಳಿ ಬಂದದ್ದು ಕಂಡು ಮೇಷ್ಟ್ರಿಗೆ ಸಮಾಧಾನವಾಯಿತು. ಉಳಿದರ್ಧ ಗಡ್ಡವನ್ನು ಅವಳ ಕೈಗೆ ಒಪ್ಪಿಸಿದರು.

ಎದುರು ಸಾಲಿನಲ್ಲಿ ಬಡಗಿ ಮಾವನ ಕೊಟ್ಟಿಗೆ. ಮಾವ ಎಂದರೆ ಬೀದಿಗೆಲ್ಲ ಮಾವ. ನಂಟು ಯಾರಿಗೂ ಇಲ್ಲ. ಹುಬ್ಬಿನ ಮೇಲೆ ಸದಾ ಮರದ ಹೊಟ್ಟು, ಕಿವಿಯ ಸಂದಿಯಲ್ಲಿ ಪೆನ್ಸಿಲ್, ಮುಖದಲ್ಲಿ ಹಾಗಲಕಾಯಿ ಕಚ್ಚಿದವನ ಕಳೆ. ಅವನು ತುಂಡುಗಳನ್ನು ನೋಡಿದ, ಮೂಸಿದ, ಪಕ್ಕಕ್ಕೆ ಇಟ್ಟ.

“ಅಂಟು ಹಾಕಿದ್ರೆ ನಿಲ್ಲಲ್ಲ. ಮಕ್ಕಳು ಕೂರೋ ಜಾಗ. ಹೊಸದು ಮಾಡ್ಕೊಡ್ತೀನಿ ಬಿಡು, ಮೆಷಿನ್‌ಗೆ ಕೊಟ್ರೆ ಹತ್ತು ನಿಮಿಷ.”

“ಬೇಡ ಮಾವ. ನಾನೇ ಮಾಡ್ಬೇಕು. ನೀವು ಹೇಳ್ಕೊಡಿ.”

ಮಾವ ಅವಳನ್ನು ಅಡಿಯಿಂದ ಮುಡಿವರೆಗೆ ನೋಡಿದ. “ಏನೇ ಹುಡುಗಿ, ತಲೆ ಕೆಟ್ಟಿದೆಯಾ?” ನಲವತ್ತೆಂಟು ವರ್ಷದವಳನ್ನು ಹುಡುಗಿ ಎನ್ನುವವನು ಬೀದಿಯಲ್ಲಿ ಅವನೊಬ್ಬನೇ ಉಳಿದಿದ್ದ.

ಅವಳು ಕಾರಣ ಹೇಳಿದಳು. ಹನ್ನೆರಡನೇ ವಯಸ್ಸಿನಲ್ಲಿ ಒಬ್ಬ ಗಿರಾಕಿಯ ಮೀಸೆಯ ಒಂದು ಕಡೆಯನ್ನು ಅವಳು ಅರ್ಧಕ್ಕೆ ಹಾರಿಸಿದ್ದಳು. ಓಡಿಹೋಗಿ ಅಪ್ಪನ ಬೆನ್ನ ಹಿಂದೆ ಅಡಗಿದರೆ, ಅವನು ಗದರಲಿಲ್ಲ. ಕೈಹಿಡಿದು ತಂದು ಮತ್ತೆ ಆ ಕುರ್ಚಿಯ ಮುಂದೆಯೇ ನಿಲ್ಲಿಸಿದ. “ಕೆಡಿಸಿದ ಕೈಯೇ ಸರಿ ಮಾಡ್ಬೇಕು. ಇಲ್ಲಾಂದ್ರೆ ಕೈಗೆ ಹೆದರಿಕೆ ಕೂತ್ಕೊಳ್ಳುತ್ತೆ,” ಎಂದ. ಆ ಗಿರಾಕಿ ಎದ್ದುಹೋಗುವಾಗ ಮೀಸೆ ಗೆರೆಯಷ್ಟು ತೆಳ್ಳಗಾಗಿತ್ತು, ಆದರೆ ಎರಡು ಕಡೆಯೂ ಸಮವಾಗಿತ್ತು.

ಮಾವ ಬೆಂಚಿನ ಕೆಳಗೆ ಬಗ್ಗಿದ. ಒಂದು ಗೋಣಿಚೀಲವನ್ನು ಎಳೆದು ಅವಳ ಕಾಲ ಬಳಿ ಹಾಕಿದ. ಒಳಗೆ ಅವನ ಗುರುವಿನ ಕಾಲದ ಹತಾರಗಳು: ಒಂದು ಗರಗಸ, ಎರಡು ಉಳಿ, ಒಂದು ಕೊಡತಿ, ಮತ್ತು ಮರವನ್ನು ಹೆರೆದು ನುಣುಪು ಮಾಡುವ ಒಂದು ಉಜ್ಜುಗೊರಡು. ಎಲ್ಲದರ ಕಬ್ಬಿಣಕ್ಕೂ ಬೆಲ್ಲದ ಪಾಕ ಸುರಿದ ಹಾಗೆ ತುಕ್ಕು. ಉಜ್ಜುಗೊರಡಿನ ಹಿಡಿಯನ್ನು ಗೆದ್ದಲು ತಿಂದು ಮುಗಿಸಿತ್ತು.

“ಮೆಷಿನ್ ಬಂದ್ಮೇಲೆ ಇವನ್ನ ಮುಟ್ಟಿಲ್ಲ. ಮೊದ್ಲು ಇವಕ್ಕೆ ಜೀವ ಕೊಡು. ಆಮೇಲೆ ಮರ ಮುಟ್ಟುವಿಯಂತೆ.”

ಹೀಗೆ ಅವಳ ಕಲಿಕೆ ಶುರುವಾಯಿತು. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಕ್ಷೌರದಂಗಡಿಗೆ ನೊಣವೂ ಬರುವುದಿಲ್ಲ. ಆ ಎರಡು ಗಂಟೆ ಮಾವನ ಕೊಟ್ಟಿಗೆಗೆ ಮೀಸಲು ಎಂದು ತೀರ್ಮಾನವಾಯಿತು.

ಅವಳ ಮನಸ್ಸಿನಲ್ಲಿ ಆಗ ಇನ್ನೊಂದು ಲೆಕ್ಕಾಚಾರವೂ ಇತ್ತು. ಅಪ್ಪನ ಕಣ್ಣು ಎಷ್ಟು ಸುಧಾರಿಸಿದರೂ ಎಂಬತ್ತರ ಕಣ್ಣು. ಹೊಸ ಹಲಗೆಗೆ ಚಹಾದ ಡಿಕಾಕ್ಷನ್ ಬಳಿದು ಕಪ್ಪು ಮಾಡಿ, ಅಲ್ಲಲ್ಲಿ ಕಲ್ಲಿನಿಂದ ಜಜ್ಜಿ, ಹಳೆಯದೇ ಎಂದು ಮೂಲೆಯಲ್ಲಿ ಒರಗಿಸಿಟ್ಟರೆ ಮುಗಿಯಿತು. ಕೇಳಿದರೆ ಕೇಳಲಿ; ಯಾಕೆ ಹಾಗೆ ಹೊಳೆಯುತ್ತೆ ಅಂದರೆ ತೊಳೆದೆ ಅಂದರಾಯಿತು. ಮುರಿದ ತುಂಡುಗಳನ್ನು ಒಂದು ಹಳೆಯ ಟವಲಿನಲ್ಲಿ ಸುತ್ತಿ ಕಪಾಟಿನ ತಳದಲ್ಲಿ ಬಚ್ಚಿಟ್ಟಳು.

ತುಕ್ಕು ಬಿಡಿಸಲು ಅವಳು ಮೊದಲು ತೆಂಗಿನ ನಾರಿನಿಂದ ತಿಕ್ಕಿದಳು, ಆಮೇಲೆ ನಿಂಬೆ ಹೋಳಿನಿಂದ. ತಿಕ್ಕಿದಷ್ಟೂ ಅವಳ ಕೈ ಕೆಂಪಾಯಿತೇ ಹೊರತು ಕಬ್ಬಿಣ ಬೆಳ್ಳಗಾಗಲಿಲ್ಲ. ಲಾರಿ ಓಡಿಸುವ ಗಂಡ ಊಟಕ್ಕೆ ಬಂದವನು ಇದನ್ನು ನೋಡಿ ಬಾಗಿಲಿಗೆ ಒರಗಿ ನಿಂತು ಮಜಾ ತೆಗೆದುಕೊಂಡ.

“ಅದಕ್ಕೆ ಸ್ನಾನ ಮಾಡಿಸ್ತಿದ್ದೀಯೋ, ಮದುವೆ ಮಾಡ್ತಿದ್ದೀಯೋ?”

“ನಗ್ತಾ ನಿಂತ್ಕೊಂಡ್ರೆ ನಿಮಗೂ ತಿಕ್ಕಿಬಿಡ್ತೀನಿ.”

ಅವನು ಲಾರಿಯಿಂದ ಒಂದು ಡಬ್ಬಿ ಡೀಸೆಲ್ ತಂದು ಬಕೆಟ್ಟಿಗೆ ಸುರಿದ. “ಎರಡು ದಿನ ನೆನೆಯಕ್ಕೆ ಬಿಡು. ಎಷ್ಟೇ ಜಿಗುಟಾದ ಬೋಲ್ಟಾದ್ರೂ ಡೀಸೆಲ್ ಕುಡಿದ್ರೆ ಸಡಿಲ ಆಗುತ್ತೆ. ಮನುಷ್ಯರ ಥರಾನೇ.”

ಎರಡು ದಿನದ ನಂತರ ಉಳಿಯ ಮೇಲೆ ಚಿಂದಿ ಬಟ್ಟೆ ಆಡಿಸಿದಾಗ ಕಂದು ಸಿಪ್ಪೆ ಕಳಚಿ ಒಳಗಿನ ಬೂದು ಕಬ್ಬಿಣ ಕಾಣಿಸಿತು. ಅದರ ಮೇಲೆ ಯಾರೋ ಒಂದು ಪುಟ್ಟ ಹೂವಿನ ಗುರುತು ಕೊರೆದಿದ್ದರು. ಕತ್ತರಿಯಕ್ಕ ಅದನ್ನು ಸೀರೆ ಸೆರಗಿನಿಂದ ಒರೆಸಿ ಒರೆಸಿ ನೋಡಿದಳು. ಇಷ್ಟು ವರ್ಷ ಗೋಣಿಯೊಳಗೆ ಯಾರೂ ಕೇಳದೆ ಬಿದ್ದಿದ್ದ ಒಂದು ವಸ್ತು, “ನಾನಿನ್ನೂ ಇದ್ದೀನಿ” ಎಂದ ಹಾಗಿತ್ತು. ಆ ದಿನ ಅವಳು ಇಡೀ ಮಧ್ಯಾಹ್ನ ಗುನುಗಿಕೊಂಡೇ ಇದ್ದಳು.

ಮುಂದಿನದು ಹರಿತ ಮಾಡುವುದು. ಇದನ್ನು ಮಾತ್ರ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂದುಕೊಂಡಳು. ಹತ್ತು ವರ್ಷದವಳಿದ್ದಾಗಿನಿಂದ ಸಾಣೆಕಲ್ಲಿನ ಮೇಲೆ ಕತ್ತಿ ಮಸೆದವಳು. ಉಜ್ಜುಗೊರಡಿನ ಅಲಗನ್ನು ಕಳಚಿ, ಕಲ್ಲಿಗೆ ನೀರು ಚಿಮುಕಿಸಿ, ಒಂದು ಮಗ್ಗುಲು ಎಳೆದಳು, ತಿರುಗಿಸಿದಳು, ಇನ್ನೊಂದು ಮಗ್ಗುಲು ಎಳೆದಳು. ಆಮೇಲೆ ಗೋಡೆಗೆ ನೇತುಹಾಕಿದ ಚರ್ಮದ ಪಟ್ಟಿಯ ಮೇಲೆ ಚಟ್ ಪಟ್, ಚಟ್ ಪಟ್, ಆಚೆಗೊಮ್ಮೆ ಈಚೆಗೊಮ್ಮೆ. ತನ್ನದೇ ಒಂದು ತಲೆಗೂದಲನ್ನು ಕಿತ್ತು ಅಲಗಿನ ಬಾಯಿಗೆ ಹಿಡಿದಳು. ಕೂದಲು ಸದ್ದಿಲ್ಲದೆ ಎರಡಾಯಿತು. ರಸ್ತೆ ದಾಟುವಾಗ ಅವಳ ನಡಿಗೆಯಲ್ಲೇ ಜಂಬವಿತ್ತು.

ಮಾವನ ಬೆಂಚಿನ ಮೇಲೆ ಯಾವುದೋ ಹಳೆಯ ಕಪಾಟಿನ ಬಾಗಿಲಿನಿಂದ ಕೊಯ್ದ ಹಲಗೆ ಸಿದ್ಧವಾಗಿತ್ತು. ಉದ್ದ ಎಷ್ಟು ಎಂದು ಅವನು ಕೇಳಿದಾಗ ಅವಳು, “ಮೂರು ಬಾಚಣಿಗೆ, ಎರಡು ಬೆರಳು,” ಎಂದಿದ್ದಳು. ಕುರ್ಚಿಯನ್ನು ಅವಳು ಅಳೆದದ್ದು ಹಾಗೆಯೇ. ಮಾವ ಟೇಪನ್ನು ಜೇಬಿಗೆ ಹಾಕಿಕೊಂಡು, ಅವಳ ಬಾಚಣಿಗೆಯನ್ನೇ ಇಸಿದುಕೊಂಡು ಗುರುತು ಹಾಕಿದ್ದ.

ಈಗ ಅವಳು ಉಜ್ಜುಗೊರಡನ್ನು ಮರದ ಮೇಲೆ ಇಟ್ಟು ದೂಡಿದಳು. ಒಂದು ಗೇಣು ಹೋಯಿತು. ಕರ್ ಎಂದಿತು. ನಿಂತಿತು. ಇನ್ನೊಮ್ಮೆ ದೂಡಿದರೆ ಉಜ್ಜುಗೊರಡಿನ ಬಾಯಿಯ ತುಂಬ ಮರದ ಪುಡಿ ಸಿಕ್ಕಿಕೊಂಡು ಕಟ್ಟಿಕೊಂಡಿತು. ಬಿಡಿಸಿ ಮತ್ತೆ ದೂಡಿದಳು. ಈ ಸಲ ಅಲಗಿನ ಅಂಚೇ ಒಂದು ಕಡೆ ಪುಡಿಯಾಗಿತ್ತು.

ಮಾವ ಅಲಗನ್ನು ಬೆಳಕಿಗೆ ಹಿಡಿದು ನೋಡಿದ. ಅವನ ಹಾಗಲಕಾಯಿ ಮುಖ ನಿಧಾನವಾಗಿ ಅರಳಿತು. ಬೀದಿಯವರು ಯಾರೂ ನೋಡಿರದ ಹಾಗೆ ಅವನು ನಕ್ಕ. ಹೊಟ್ಟೆ ಹಿಡಿದುಕೊಂಡು, ಬೆಂಚಿಗೆ ಒರಗಿ ನಕ್ಕ.

“ಅಯ್ಯೋ ಹುಡುಗಿ! ಇದಕ್ಕೂ ಎರಡು ಕಡೆ ಮಸೆದಿದ್ದೀಯಲ್ಲೇ! ಇದೇನು ಗಡ್ಡ ಬೋಳಿಸಕ್ಕೆ ಹೋಗುತ್ತಾ?”

“ಎರಡು ಕಡೆ ಮಸೀದೆ ಹರಿತ ಹೇಗಾಗುತ್ತೆ ಮಾವ?”

“ಕ್ಷೌರದ ಕತ್ತಿ ಆಚೆ ಕೆನ್ನೆಗೂ ಹೋಗ್ಬೇಕು, ಈಚೆ ಕೆನ್ನೆಗೂ ಹೋಗ್ಬೇಕು. ಅದಕ್ಕೆ ಎರಡು ಮುಖ. ಇದು ಒಂದೇ ದಾರೀಲಿ ಹೋಗೋದು. ಇದಕ್ಕೆ ಒಂದು ಕಡೆ ಇಳಿಜಾರು, ಇನ್ನೊಂದು ಕಡೆ ಬೆನ್ನು. ಆ ಬೆನ್ನು ಕನ್ನಡಿ ಥರ ಚಪ್ಪಟೆ ಇರ್ಬೇಕು. ಅದರ ಮೇಲೆ ಈ ಇನ್ನೊಂದು ತಗಡು ಒತ್ತಿ ಕೂರ್ಬೇಕು. ನೀನು ಬೆನ್ನನ್ನೂ ಇಳಿಜಾರು ಮಾಡಿದ್ದಕ್ಕೆ ಸಂದಿ ಬಿತ್ತು, ಸಂದೀಲಿ ಹೊಟ್ಟು ಸಿಕ್ಕೊಂತು. ಅದೂ ಅಲ್ದೆ ಇಷ್ಟು ತೆಳ್ಳಗೆ ಎಳೆದ್ರೆ ಮರ ಸುಮ್ನಿರುತ್ತಾ? ಮರ ಅಂದ್ರೆ ಮೇಷ್ಟ್ರ ಕೆನ್ನೆ ಅಲ್ಲ.”

ಕತ್ತರಿಯಕ್ಕನ ಮುಖ ಕೆಂಪಾಯಿತು. ಅಂಗಡಿಯಲ್ಲಿ ಅವಳಿಗೆ ಎಲ್ಲಕ್ಕಿಂತ ಚೆನ್ನಾಗಿ ಗೊತ್ತಿದ್ದ ಕೆಲಸ ಮಸೆಯುವುದು. ಅದೇ ಇಲ್ಲಿ ಅವಳನ್ನು ಎಡವಿಸಿತ್ತು.

“ಈಗೇನು ಮಾಡ್ಲಿ?”

“ಬೆನ್ನು ಚಪ್ಪಟೆ ಆಗೋವರೆಗೂ ತಿಕ್ಕು. ಅದರಲ್ಲಿ ನಿನ್ನ ಮುಖ ಕಾಣ್ಬೇಕು. ಕಾಣೋವರೆಗೂ ಈ ಕಡೆ ಬರ್ಬೇಡ.”

ಒಂಬತ್ತನೆಯ ದಿನ, ಅವಳು ತಿಕ್ಕುತ್ತಿರುವಾಗಲೇ, ದೊಡ್ಡಕ್ಕನ ಫೋನು ಬಂತು.

“ಪಟ್ಟಿ ಬಿಚ್ಚಿದ್ರು ಕಣೇ! ಏನು ಚೆನ್ನಾಗಿ ಕಾಣ್ತಿದೆ ಗೊತ್ತಾ ಅಪ್ಪಂಗೆ! ಔಷಧಿ ಬಾಟ್ಲಿ ಮೇಲಿನ ಸಣ್ಣ ಅಕ್ಷರ ಓದ್ತಾನೆ. ಗೋಡೆ ಮೇಲೆ ಇರುವೆ ಎಣಿಸ್ತಾನೆ. ನಮ್ಮನೇಲಿ ಧೂಳು ಎಲ್ಲೆಲ್ಲಿದೆ ಅಂತ ಪಟ್ಟಿ ಮಾಡಿದ್ದಾನೆ. ಯಾವಾಗ ಕಳಿಸ್ತೀನೋ ಅನ್ನಿಸಿಬಿಟ್ಟಿದೆ ನಂಗೆ. ತಡಿ, ಅವನೇ ಮಾತಾಡ್ತಾನಂತೆ.”

“ಹಲಗೆ ಹೇಗಿದೆ?” ಎಂದಿತು ಅಪ್ಪನ ದನಿ. ಹೇಗಿದ್ದೀಯ ಎಂಬುದೂ ಇಲ್ಲ.

“ಇದೆ ಅಪ್ಪ... ಅದರ ಪಾಡಿಗೆ ಅದು ಇದೆ.”

“ಅದರ ಮೇಲೆ ಯಾರೂ ನೀರಿನ ಬಕೆಟ್ ಇಟ್ಟಿಲ್ಲ ತಾನೆ?”

“ಇಲ್ಲಪ್ಪ. ಬಕೆಟ್ ಇಟ್ಟಿಲ್ಲ.” ಅದು ಸುಳ್ಳೇನೂ ಆಗಿರಲಿಲ್ಲ.

“ಮೊದಲ ದಿನಾನೇ ಇಸ್ತ್ರಿಯವರ ಮಗಳು ಗುಂಗುರೀನ ಕೂರಿಸ್ತೀನಿ. ಇಷ್ಟು ದಿನ ಮುಟ್ಟಿ ನೋಡಿದ್ದೇ ಆಯ್ತು ಆ ಮಗೂನ, ಮುಖ ಹೇಗಿದೆ ಅಂತಾನೇ ನೋಡಿಲ್ಲ.”

ಫೋನು ಇಟ್ಟ ಮೇಲೆ ಕತ್ತರಿಯಕ್ಕ ಒದ್ದೆ ಕೈಯಲ್ಲಿ ಹಾಗೇ ಕೂತಳು. ಅಪ್ಪನಿಗೆ ಕಣ್ಣು ಬಂತೆಂದು ಕಣ್ಣು ತುಂಬಿ ಬಂದಿತ್ತು. ಡಿಕಾಕ್ಷನ್ ಬಳಿಯುವ ಉಪಾಯ ಮಣ್ಣುಪಾಲಾಯಿತೆಂದು ನಗುವೂ ಬರುತ್ತಿತ್ತು. ಇರುವೆ ಎಣಿಸುವವನ ಮುಂದೆ ಯಾವ ಹೂಟ ನಡೆದೀತು? ಇನ್ನುಳಿದದ್ದು ಒಂದೇ ದಾರಿ. ಮುರಿದದ್ದನ್ನು ಹೇಳಬೇಕು. ಹೇಳುವಾಗ ಕೈಯಲ್ಲಿ ಅದಕ್ಕೆ ಸಮನಾದದ್ದೊಂದು ಇರಬೇಕು.

ಇಸ್ತ್ರಿ ಅಂಗಡಿಯ ಗುಂಗುರಿಗೆ ಐದು ವರ್ಷ. ತಾತ ಊರಿಗೆ ಹೋದಾಗಿನಿಂದ ಅವಳ ಗುಂಗುರು ಕೂದಲು ಕಣ್ಣಿನ ಮೇಲೆ ಇಳಿದು, ಪೊದೆಯೊಳಗಿನ ಮೊಲದ ಹಾಗೆ ಕಾಣುತ್ತಿದ್ದಳು. “ಬಾರೇ, ನಾನು ಕತ್ತರಿಸ್ತೀನಿ,” ಎಂದರೆ, “ಸಿಂಹಾಸನ ಇಲ್ದೆ ಬರಲ್ಲ,” ಎಂದು ಬಾಗಿಲಿಂದಲೇ ಹೇಳಿ ಓಡುತ್ತಿದ್ದಳು. ಆಗೆಲ್ಲ ಕತ್ತರಿಯಕ್ಕ ಅಲಗನ್ನು ಇನ್ನಷ್ಟು ಜೋರಾಗಿ ತಿಕ್ಕುತ್ತಿದ್ದಳು.

ತಿಕ್ಕಿದ್ದು ನಾಲ್ಕು ದಿನ. ಬೆರಳ ತುದಿಗಳ ಚರ್ಮ ಸವೆದು, ಗಿರಾಕಿಗಳ ಕೆನ್ನೆ ಸವರಿದರೆ ಒರಟೋ ನುಣುಪೋ ಗೊತ್ತಾಗದಷ್ಟಾಯಿತು. ನಾಲ್ಕನೆಯ ದಿನ ಅಲಗಿನ ಬೆನ್ನಲ್ಲಿ ಮೊದಲು ಅವಳ ಮೂಗು ಕಂಡಿತು. ಆಮೇಲೆ ಮೂಗಿನ ಪಕ್ಕದ ಮಚ್ಚೆ.

ಇಳಿಜಾರನ್ನು ಮಾವ ಹೇಳಿದಷ್ಟೇ ದಪ್ಪಕ್ಕೆ ಮಸೆದಳು. ಕೊನೆಯದಾಗಿ ಮಾವ ಬೇಡ ಎಂದರೂ ಚರ್ಮದ ಪಟ್ಟಿಯ ಮೇಲೆ ಇಪ್ಪತ್ತು ಸಲ ಎಳೆದಳು. ಈ ಸಲ ಬೆನ್ನನ್ನು ಪಟ್ಟಿಗೆ ಒರಗಿಸಿ, ಎತ್ತದೆ. ಅದು ಅವಳ ಮನೆತನದ ಚಾಳಿ, ಬಿಡಲಾಗಲಿಲ್ಲ.

ಇನ್ನು ಬಾಕಿ ಇದ್ದದ್ದು ಹಿಡಿ. “ಯಾವುದಾದ್ರೂ ಗಟ್ಟಿ ಮರದ ತುಂಡು ನೋಡ್ಕೋ,” ಎಂದ ಮಾವ. ಅವಳು ಅಂಗಡಿಗೆ ಹೋಗಿ ಕಪಾಟಿನ ತಳದಿಂದ ಟವಲಿನ ಗಂಟು ತೆಗೆದಳು. ಹಳೆಯ ಹಲಗೆಯ ಒಂದು ಅಂಚಿನಲ್ಲಿ, ಸರಿಯಾಗಿ ನಡುವೆ, ಒಂದು ತಗ್ಗು ಇತ್ತು. ಮೂಲೆಯಿಂದ ಕುರ್ಚಿಗೆ, ಕುರ್ಚಿಯಿಂದ ಮೂಲೆಗೆ ಅಪ್ಪ ಐವತ್ತು ವರ್ಷ ಅದೇ ಜಾಗದಲ್ಲಿ ಹಿಡಿದು ಎತ್ತಿ ಎತ್ತಿ, ಹೆಬ್ಬೆರಳು ಮರವನ್ನು ತಿಂದಿತ್ತು. ಮುರಿದದ್ದು ಅದರ ಪಕ್ಕಕ್ಕೇ. ತಗ್ಗು ಮಾತ್ರ ಹಾಗೇ ಉಳಿದಿತ್ತು. ಆ ತುಂಡನ್ನು ಅವಳು ಗರಗಸದಿಂದ ಕೊಯ್ದಳು. ಗೆರೆ ಸ್ವಲ್ಪ ಸೊಟ್ಟಗಾಯಿತು. ಉಳಿಯಿಂದ ತಿದ್ದಿ, ಹಿಡಿಯ ಆಕಾರಕ್ಕೆ ತಂದು, ಬುಡವನ್ನು ಉಜ್ಜುಗೊರಡಿನ ತೂತಿಗೆ ಕೊಡತಿಯಿಂದ ಮೆಲ್ಲಗೆ ಬಡಿದು ಕೂರಿಸಿದಳು. ಮಾವ ನೋಡಿದ. ಕಿವಿಯ ಸಂದಿಯ ಪೆನ್ಸಿಲನ್ನು ಒಮ್ಮೆ ತೆಗೆದು ಮತ್ತೆ ಅಲ್ಲೇ ಇಟ್ಟುಕೊಂಡ, ಅಷ್ಟೆ.

ದೂಡಿದಳು.

ಸರ್ರ್ ಎಂದು ಒಂದು ಸದ್ದು ಬಂತು. ರೇಷ್ಮೆ ಬಟ್ಟೆ ಹರಿದ ಹಾಗಿತ್ತು. ಉಜ್ಜುಗೊರಡಿನ ಬಾಯಿಂದ ಒಂದು ಸುರುಳಿ ಎದ್ದಿತು. ಏಳುತ್ತಾ ಏಳುತ್ತಾ ಉದ್ದವಾಗಿ, ಅವಳ ಮಣಿಕಟ್ಟಿನ ಮೇಲೆ ಮಡಚಿ ಬಿದ್ದಿತು. ಎತ್ತಿ ನೋಡಿದರೆ ಅದರ ಮೂಲಕ ಬೀದಿಯ ಬೆಳಕು ಕಾಣುತ್ತಿತ್ತು.

“ಮಾವ, ನೋಡಿ! ಗುಂಗುರಿಯ ಕೂದಲು!”

ಆ ದಿನದಿಂದ ಅವಳನ್ನು ಹಿಡಿಯುವವರೇ ಇರಲಿಲ್ಲ. ಮರದ ನಾರು ಯಾವ ಕಡೆಗೆ ಮಲಗಿದೆ ಎಂದು ಹೊಸಬರಿಗೆ ಹೇಳಿಕೊಡಲು ಮಾವನಿಗೆ ತಿಂಗಳು ಹಿಡಿಯುತ್ತಿತ್ತು. ಇವಳು ಅಂಗೈ ಸವರಿಯೇ ಹೇಳಿಬಿಡುತ್ತಿದ್ದಳು. ಗಡ್ಡವೂ ಹಾಗೆಯೇ ತಾನೆ. ಕೂದಲು ಮಲಗಿದ ಕಡೆಗೆ ಕತ್ತಿ ಹೋಗಬೇಕು, ಎದುರು ಹೋದರೆ ಚರ್ಮ ಕೀಳುತ್ತದೆ. ಹಲಗೆಯ ಒಂದು ಕಡೆ ಒಂದು ಗಂಟು ಇತ್ತು. ಅಲ್ಲಿ ನಾರು ಸುತ್ತಿಕೊಂಡು ನಾಲ್ಕು ದಿಕ್ಕಿಗೂ ಹೋಗುತ್ತಿತ್ತು. “ಇಲ್ಲಿ ಹುಷಾರು, ಇಲ್ಲೇ ಎಲ್ರೂ ಕೆಡಿಸೋದು,” ಎಂದ ಮಾವ. “ಇದು ನೆತ್ತಿ ಮೇಲಿನ ಸುಳಿ ಮಾವ,” ಎಂದಳು ಅವಳು, “ಇಂಥವನ್ನ ದಿನಕ್ಕೆ ಹತ್ತು ನೋಡ್ತೀನಿ.” ಸುಳಿಯ ಸುತ್ತ ತಿರುಗಿ ತಿರುಗಿ, ಪ್ರತಿ ಸಲ ಬೇರೆ ಕಡೆಯಿಂದ, ಚಿಕ್ಕ ಚಿಕ್ಕದಾಗಿ ಹೆರೆದಳು. ಮಾವ ತನ್ನ ಮೆಷಿನ್ ನಿಲ್ಲಿಸಿ ನೋಡುತ್ತಾ ನಿಂತ. ಮರುದಿನ ತನ್ನ ಉಳಿಗಳನ್ನೆಲ್ಲ ಒಂದು ಬಟ್ಟೆಯಲ್ಲಿ ಕಟ್ಟಿಕೊಂಡು ಕ್ಷೌರದಂಗಡಿಗೆ ಬಂದು, ಅತ್ತ ಇತ್ತ ನೋಡಿ, “ಆ ಪಟ್ಟಿ ಮೇಲೆ ಇವನ್ನೂ ಎರಡು ಸಲ ಎಳೀತೀಯಾ?” ಎಂದು ಪಿಸುಗುಟ್ಟಿದ.

ಮೇಷ್ಟ್ರು ಕುರ್ಚಿಯಿಂದಲೇ, “ಮಾವಂಗೂ ಗಿರಾಕಿ ಸಂಖ್ಯೆ ಕೊಡಮ್ಮ, ಸಾಲಲ್ಲಿ ಕೂರಲಿ,” ಎಂದರು.

ಅಪ್ಪ ಬಂದದ್ದು ಹೇಳಿದ್ದಕ್ಕಿಂತ ಎರಡು ದಿನ ಮುಂಚೆ.

ಬೆಳಿಗ್ಗೆ ಹತ್ತರ ಹೊತ್ತು. ಕತ್ತರಿಯಕ್ಕ ಹೊಸ ಹಲಗೆಯ ತಳಕ್ಕೆ, ಕುರ್ಚಿಯ ಕೈಗಳಿಂದ ಜಾರದಂತೆ ತಡೆಯುವ ಎರಡನೆಯ ಅಡ್ಡಪಟ್ಟಿಯನ್ನು ಹಿಂದಿನ ದಿನವಷ್ಟೇ ಬಡಿದಿದ್ದಳು. ಹಲಗೆ ಮೂಲೆಯಲ್ಲಿತ್ತು, ಉಜ್ಜುಗೊರಡು ಕನ್ನಡಿಯ ಮುಂದೆ ಪೌಡರ್ ಡಬ್ಬಿಯ ಪಕ್ಕದಲ್ಲಿತ್ತು. ಬಾಗಿಲಲ್ಲಿ ನೆರಳು ಬಿತ್ತು. ಕಪ್ಪು ಕನ್ನಡಕ, ಕೈಯಲ್ಲಿ ಚೀಲ, ಅಪ್ಪ.

“ಅಪ್ಪ! ಬರೋದು ನಾಡಿದ್ದಲ್ವಾ?”

“ಅಲ್ಲಿ ಇರುವೆ ಎಲ್ಲ ಎಣಿಸಿ ಮುಗೀತು.” ಅವನು ಕನ್ನಡಕ ತೆಗೆದು ಅವಳನ್ನು ನೋಡಿದ. ತುಂಬ ಹೊತ್ತು ನೋಡಿದ. “ಏನೇ ಇದು, ನಿನ್ನ ತಲೆ ಇಷ್ಟೊಂದು ಬೆಳ್ಳಗಾಗಿದೆ! ನಂಗ್ಯಾರೂ ಹೇಳೇ ಇಲ್ವಲ್ಲ?”

“ಬಣ್ಣ ಹಚ್ಚಿದ್ರೆ ಗಿರಾಕಿಗಳು ನನ್ನ ಮಾತಿಗೆ ಬೆಲೆ ಕೊಡಲ್ಲ ಅಂತ ಬಿಟ್ಟಿದ್ದೀನಿ,” ಎಂದಳು ಅವಳು.

ಅಪ್ಪ ಮೂಲೆಯತ್ತ ತಿರುಗಿದ. ಮೂರು ಹೆಜ್ಜೆ ನಡೆದ. ನಿಂತ. ಕಾದು ಕೂತಿದ್ದ ಮೇಷ್ಟ್ರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು, ಪೇಪರು ತಲೆಕೆಳಗಾಗಿತ್ತು.

“ಇದು ನನ್ನದಲ್ಲ.”

“ಅಲ್ಲಪ್ಪ. ನಿಂದು ನಾನು ಮುರಿದೆ. ಅದರ ಮೇಲೆ ಹತ್ತಿ ಹಲ್ಲಿ ಓಡಿಸಕ್ಕೆ ಹೋದೆ. ಇದು ನಾನು ಮಾಡಿದ್ದು. ಕೆಡಿಸಿದ ಕೈಯೇ...”

ಅಪ್ಪ ಇನ್ನೊಂದು ಹೆಜ್ಜೆ ಮುಂದಿಟ್ಟ. ಹಲಗೆಯನ್ನು ಎತ್ತಿ ಕುರ್ಚಿಯ ಕೈಗಳ ಮೇಲೆ ಅಡ್ಡ ಇಟ್ಟ. ಅಲುಗಾಡಿಸಿ ನೋಡಿದ, ಅಲುಗಲಿಲ್ಲ. ಆಮೇಲೆ, ಗಡ್ಡ ತೆಗೆದ ಕೆನ್ನೆಯನ್ನು ಪರೀಕ್ಷಿಸುವಾಗ ಮಾಡುತ್ತಿದ್ದ ಹಾಗೆ, ಬೆರಳುಗಳ ಹಿಂಭಾಗವನ್ನು ಮರದ ಮೇಲೆ ಎದುರು ದಿಕ್ಕಿಗೆ ಎಳೆದ. ಮೊದಲು ಈ ಅಂಚು. ಆಮೇಲೆ ಆ ಅಂಚು. ಗಂಟಿನ ಹತ್ತಿರ ಬೆರಳು ನಿಂತಿತು.

“ಇಲ್ಲಿ ಸ್ವಲ್ಪ ಉಳಿದಿದೆ,” ಎಂದ. “ಎರಡನೇ ಕೈ ಹಾಕು.”

ಈ ಮಾತನ್ನು ಅವಳು ಸಾವಿರ ಸಲ ಕೇಳಿದ್ದಳು. ಗಿರಾಕಿ ಏಳುವ ಮುಂಚೆ ಅಪ್ಪ ಹೇಳುತ್ತಿದ್ದ ಮಾತು. ಆರು ವರ್ಷದಿಂದ ಅದನ್ನು ಹೇಳುವವರಿಲ್ಲದೆ ಅವಳೇ ತನಗೆ ಹೇಳಿಕೊಳ್ಳುತ್ತಿದ್ದಳು. ಅವಳು ಉಜ್ಜುಗೊರಡು ತೆಗೆದುಕೊಂಡು, ಸುಳಿಯ ಬಲಗಡೆಯಿಂದ ಬಂದು, ಉಸಿರು ಹಿಡಿದು ಒಂದೇ ಒಂದು ಸಲ ಎಳೆದಳು. ಬೆರಳುಗುರಿನಷ್ಟು ಸುರುಳಿ ಬಂತು. ಅಪ್ಪ ಮತ್ತೆ ಬೆರಳು ಆಡಿಸಿದ. ತಲೆಯಾಡಿಸಿದ.

“ಹಳೇದು ಎಲ್ಲಿ?”

ಅವಳು ಟವಲು ಬಿಚ್ಚಿ ಉಳಿದ ತುಂಡುಗಳನ್ನು ತೋರಿಸಿದಳು. ಅಪ್ಪ ಅವನ್ನು ಹೊಸ ಕಣ್ಣಿನ ಹತ್ತಿರ ಹಿಡಿದ. ಸೀಳು, ಎಣ್ಣೆಯ ಕಪ್ಪು, ಒಂದು ಕಡೆ ಎದ್ದು ನಿಂತ ಚೂಪು ಸಿಬಿರು.

“ಥೂ! ಇದರ ಮೇಲಾ ನಾನು ಮಕ್ಕಳನ್ನ ಕೂರಿಸ್ತಿದ್ದದ್ದು? ಕತ್ತರಿಗೆ ಹೆದರಿ ಅಳ್ತಾವೆ ಅಂದ್ಕೊಂಡಿದ್ದೆ ನಾನು!”

“ನಾನು ಆಗ್ಲೇ ಹೇಳಿದ್ದೆ, ಚುಚ್ಚುತ್ತೆ ಅಂತ,” ಎಂದರು ಮೇಷ್ಟ್ರು ಪೇಪರಿನ ಹಿಂದಿನಿಂದ. “ಐವತ್ತು ವರ್ಷ ಆದ್ಮೇಲೆ ಕೇಳಿಸ್ತು ನಿಮಗೆ.”

ಅಪ್ಪ ನಗುತ್ತಲೇ ತುಂಡುಗಳನ್ನು ತಿರುಗಿಸಿದ. ಅಂಚು ಸವರಿದ. ಏನನ್ನೋ ಹುಡುಕುತ್ತಿದ್ದ. ಅವನು ಕೇಳುವ ಮೊದಲೇ ಕತ್ತರಿಯಕ್ಕ ಉಜ್ಜುಗೊರಡನ್ನು ಅವನ ಕೈಗೆ ಕೊಟ್ಟಳು. ಅಪ್ಪ ಅದರ ಹಿಡಿಯನ್ನು ಹಿಡಿದ. ಅವನ ಹೆಬ್ಬೆರಳು ನೋಡದೆಯೇ ತನ್ನ ಹಳೆಯ ತಗ್ಗಿಗೆ ಹೋಗಿ ಕೂತಿತು. ಸ್ವಲ್ಪ ಹೊತ್ತು ಅವನು ಅದನ್ನು ಬಿಡಲಿಲ್ಲ.

“ಗರಗಸ ಸೊಟ್ಟ ಹೋಗಿದೆ,” ಎಂದ ಕೊನೆಗೆ.

“ಹೂಂ ಅಪ್ಪ. ಅದನ್ನಿನ್ನೂ ಕಲೀತಾ ಇದ್ದೀನಿ.”

ಅಷ್ಟರಲ್ಲಿ ಬಾಗಿಲಲ್ಲಿ ಒಂದು ಪೊದೆ ಕಾಣಿಸಿಕೊಂಡಿತು. ಪೊದೆಯೊಳಗಿಂದ ಎರಡು ಕಣ್ಣು. ತಾತ ಬಂದ ಸುದ್ದಿ ಇಸ್ತ್ರಿ ಅಂಗಡಿಗೆ ತಲುಪಿತ್ತು. ಅಪ್ಪ ಉಜ್ಜುಗೊರಡನ್ನು ಜೋಪಾನವಾಗಿ ಕನ್ನಡಿಯ ಮುಂದೆ ಇಟ್ಟ. ಬಗ್ಗಿ, ಗುಂಗುರಿಯ ಹಣೆಯ ಕೂದಲನ್ನು ಎರಡು ಕಡೆಗೆ ಸರಿಸಿ, ಆ ಮುಖವನ್ನು ಮೊದಲ ಸಲ ನೋಡಿದ.

“ಓಹೋ, ಹಲ್ಲು ಬಿದ್ದಿರೋ ಮಹಾರಾಣಿ!”

ಹೊಸ ಮರದ ಮೇಲೆ ಅವನ ಬೆರಳ ಗೆಣ್ಣು ಬಡಿಯಿತು. ಟಕ್ ಟಕ್. ಹಳೆಯದಕ್ಕಿಂತ ಈ ಸದ್ದು ಸ್ವಲ್ಪ ಎಳೆಯದಾಗಿತ್ತು. ಅಪ್ಪ ಕಿವಿಗೊಟ್ಟು ಕೇಳಿ, ಇನ್ನೊಮ್ಮೆ ಕುಟ್ಟಿದ.

“ಸಿಂಹಾಸನ ತಯಾರು!”

ಗುಂಗುರಿ ಕೂತಳು. ಆಚೆ ಈಚೆ ಜರುಗಿ ನೋಡಿದಳು. “ತಾತಾ, ಇದು ಚುಚ್ಚೋದೇ ಇಲ್ಲ!” ಎಂದಳು. ಅಪ್ಪ ಅವಳ ತಲೆಯನ್ನು ಅಂಗೈಗಳಲ್ಲಿ ಹಿಡಿದು, “ಕಾಗೆ ಅಂಗಡಿಗೆ ಹೊಸ ಕುರ್ಚಿ ತಂತು,” ಎಂದು ಶುರು ಮಾಡಿದ. ಕತ್ತರಿಯಕ್ಕ ಕತ್ತರಿ ಎತ್ತಿಕೊಂಡಳು.

ಮೇಷ್ಟ್ರು ಪೇಪರನ್ನು ನೇರ ಮಾಡಿಕೊಂಡು, “ನನ್ನ ಗಡ್ಡ?” ಎಂದರು.

“ಕಾಯ್ರಿ ಮೇಷ್ಟ್ರೇ,” ಎಂದಳು ಅವಳು. “ಮಹಾರಾಣಿ ಮೊದಲು.”